ಫಾಲ್ ಹಚ್ಚಿದ ಜೀಪು

ಸುಲ್ತಾನ್ ಬಜಾರಿಗೆ ಬ್ಲೌಸ್ ಪೀಸ್ ತರಲು ಹೋದವಳು ಜೀಪು ಕೊಂಡು ಬಂದಳು ಎಂದು ನನ್ನ ಗಂಡ ಎಲ್ಲರಿಗೂ ಹೇಳುತ್ತಾರೆ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಅದು ಪೂರ್ತಿ ನಿಜವಲ್ಲ. ಅಂದು ಬ್ಲೌಸ್ ಪೀಸನ್ನೂ ತಂದಿದ್ದೆ. ದಿನಚರಿಯಲ್ಲಿ ಆ ದಿನದ ಮೊದಲ ಸಾಲೇ ಅದು: ‘ನವಿಲಿನ ಕತ್ತಿನ ಬಣ್ಣದ್ದು ಕೊನೆಗೂ ಸಿಕ್ಕಿತು.’ ಜೀಪು ಬರುವುದು ಎರಡನೆಯ ಸಾಲಿನಲ್ಲಿ.

ಅಂಗಡಿಯ ಯಜಮಾನರು ಹುಮನಾಬಾದ್ ಕಡೆಯವರು. ಹರೆಯದಲ್ಲಿ ಹೈದರಾಬಾದಿಗೆ ಬಂದು, ಸೀರೆಗೆ ಹೊಂದುವ ಬ್ಲೌಸ್ ಬಟ್ಟೆ, ಲಂಗ, ಸೀರೆಯಂಚಿನ ಒಳಗೆ ಹಚ್ಚುವ ಫಾಲ್ ಪಟ್ಟಿ, ಲೈನಿಂಗ್ ಮಾರುವ ಮ್ಯಾಚಿಂಗ್ ಸೆಂಟರ್ ಇಟ್ಟು, ಅದರಲ್ಲೇ ತಲೆ ಬೆಳ್ಳಗಾದವರು. ಬೇರೆ ಗಿರಾಕಿಗಳ ಜೊತೆ ತೆಲುಗು, ಹಿಂದಿ. ನನ್ನ ಜೊತೆ ಕನ್ನಡ. ಸೀರೆ ತರದೆ ಹೋದವರನ್ನು ಅವರು ಮೆಟ್ಟಿಲ ಮೇಲಿಂದಲೇ ಹಿಂದೆ ಕಳಿಸುತ್ತಿದ್ದರು.

“ನೆನಪಿನ ಮ್ಯಾಲ ನಾ ಬಟ್ಟಿ ಕೊಡಾಂಗಿಲ್ರಿ ಅಕ್ಕಾರ. ಸೀರಿ ತಗೊಂಡು ಬರ್ರಿ.”

ಸೀರೆ ತಂದವರನ್ನೂ ಅಂಗಡಿಯೊಳಗೆ ನಿಲ್ಲಗೊಡುತ್ತಿರಲಿಲ್ಲ. ಟ್ಯೂಬ್‌ಲೈಟಿನ ಮೇಲೆ ಅವರಿಗೆ ನಂಬಿಕೆಯಿಲ್ಲ. ಬಟ್ಟೆಯ ಥಾನನ್ನೂ ಸೀರೆಯನ್ನೂ ಎತ್ತಿಕೊಂಡು ಬೀದಿಗೆ ಬಂದು, ಬಿಸಿಲಿನಲ್ಲಿ ಒಂದರ ಪಕ್ಕ ಒಂದು ಹಿಡಿದು ನೋಡುವವರೆಗೆ ಕತ್ತರಿ ಮುಟ್ಟುವವರಲ್ಲ. ನನ್ನ ಸೀರೆ ಹಿಡಿದು ಹಾಗೆ ಬಿಸಿಲಿಗೆ ಬಂದಾಗಲೇ, ಪಕ್ಕದ ಸಂದಿಯಲ್ಲಿ ಚಿಂದಿಯ ಮೂಟೆಗಳನ್ನು ಹೊತ್ತು ನಿಂತಿದ್ದ ಹಸಿರು ಜೀಪು ನನ್ನ ಕಣ್ಣಿಗೆ ಬಿದ್ದದ್ದು.

“ನಂದ ರಿ” ಎಂದರು, ಓದಿನಲ್ಲಿ ಮುಂದಿರುವ ಮಗನನ್ನು ತೋರಿಸುವ ಹಾಗೆ. “ಇಂಜಿನ್ನಿಂದ ಹಿಡದು ಬ್ರೇಕಿನ ತನಕ ಎಲ್ಲಾ ನಾನ ಕೈಯಾರೆ ರಿಪೇರಿ ಮಾಡೀನಿ. ಒಬ್ಬ ಮೆಕ್ಯಾನಿಕ್ಕಿನ ಕೈ ಹತ್ತಿಲ್ಲ ಇದಕ್ಕ. ಈಗ ಮೊಣಕಾಲು ಕ್ಲಚ್ ಒತ್ತಾಕ ಒಲ್ಲೆ ಅಂತಾವು. ಬೇಕಂದ್ರ ತಗೋರಿ.”

ಮೆಕ್ಯಾನಿಕ್ಕಿನ ಕೈ ಹತ್ತಿಲ್ಲ ಎಂಬುದನ್ನು ಆಗ ನಾನು ಜೀಪಿನ ಗುಣವೆಂದು ತಿಳಿದೆ.

ನನಗೆ ಜೀಪು ಯಾಕೆ ಬೇಕಾಗಿತ್ತು ಎಂದು ಈಗಲೂ ಸರಿಯಾಗಿ ಹೇಳಲಾರೆ. ಚಿಕ್ಕವಳಿದ್ದಾಗ ಅಪ್ಪನ ಇಲಾಖೆಯ ಜೀಪಿನ ಹಿಂದೆ ನಿಂತು, ಸರಳು ಹಿಡಿದು, ಬಾಯಿತುಂಬ ಧೂಳು ತಿನ್ನುತ್ತ ಹೋದ ನೆನಪಿದೆ. ಕರಿಬೇವಿನ ಎಲೆಯಷ್ಟು ಗಾಢ ಹಸಿರಿನ ಜೀಪು. ಅಕ್ಕನಿಗೆ ಫೋನ್ ಮಾಡಿ ಹೇಳಿದರೆ ಅವಳು, “ಆ ಜೀಪು ಬೂದಿ ಬಣ್ಣದ್ದಿತ್ತು. ಹಿಂದ ನಿಂತು ಹೋದಾಕಿ ನಾನು. ನೀ ಜ್ವರ ಬಂದು ಮನ್ಯಾಗ ಮಲಗಿದ್ದಿ” ಎಂದಳು. ಧೂಳಿನ ರುಚಿ ನನ್ನ ನಾಲಿಗೆಯ ಮೇಲೇ ಇದೆ. ಅವಳ ಬಾಯಿಂದ ಕೇಳಿ ಕೇಳಿ ಬಂದ ರುಚಿಯೂ ಆಗಿರಬಹುದು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವಳು ನಾನು. ಇಂಥ ಸಾಕ್ಷಿಯನ್ನು ನಂಬಿ ಬೇರೆ ಯಾರಾದರೂ ಜೀಪು ಕೊಂಡಿದ್ದರೆ ನಕ್ಕುಬಿಡುತ್ತಿದ್ದೆ.

ಮೆಹದಿಪಟ್ಟಣದ ನಮ್ಮ ಬಾಡಿಗೆ ಮನೆಗೆ ಜೀಪನ್ನು ಹಗ್ಗ ಕಟ್ಟಿ ಎಳೆದು ತರಿಸಿದೆ. ಗಂಡ ಪಟಾನ್‌ಚೆರುವಿನ ಔಷಧ ಕಾರ್ಖಾನೆಯ ಬಸ್ಸಿಳಿದು ಬಂದವರು ಗೇಟಿನಲ್ಲೇ ನಿಂತರು.

“ಬ್ಲೌಸ್ ಪೀಸ್ ಇಷ್ಟ ದೊಡ್ಡದು ಯಾಕ ತಂದಿ?”

ರಿಪೇರಿಗೆ ಹಿಂದಿನ ಗಲ್ಲಿಯ ಉಸ್ತಾದರನ್ನು ಕರೆಸಿದೆ. ಭಾನುವಾರಗಳಂದು ಬರುತ್ತಿದ್ದರು. ಒಳ್ಳೆಯ ಕೆಲಸಗಾರ, ಅದಕ್ಕಿಂತ ಒಳ್ಳೆಯ ನಟ. ಮೊದಲ ದಿನ ಬಾನೆಟ್ ಎತ್ತಿದರು, ನೋಡಿದರು, ಮೆಲ್ಲಗೆ ಮುಚ್ಚಿದರು. ಒಂದು ನಿಮಿಷ ಆಕಾಶ ನೋಡಿ ಮತ್ತೆ ಎತ್ತಿದರು. ಒಳಗಿನದು ಬದಲಾಗಿರಲಿಲ್ಲ.

“ಆಪಾ, ಯೇ ಗಾಡಿ ಹೈ ಕಿ ದರ್ಜಿ ಕಾ ದುಕಾನ್?”

ರೇಡಿಯೇಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಎಂದೋ ಸೀಳಿತ್ತು. ಅದಕ್ಕೆ ಯಜಮಾನರು ಜೀಪಿನದೇ ಹಸಿರಿನ ಸೀರೆಯ ಫಾಲ್ ಸುತ್ತಿ, ಅಂಟು ಬಳಿದು, ಮೇಲೆ ಹಸಿರು ದಾರದಲ್ಲಿ ಹೊಲಿದಿದ್ದರು. ಹೊಲಿಗೆ ಎಷ್ಟು ನಾಜೂಕಾಗಿತ್ತೆಂದರೆ ಮೇಲಿನಿಂದ ಟಾಕೇ ಕಾಣುತ್ತಿರಲಿಲ್ಲ. ವೈರುಗಳೆಲ್ಲ ಹಸಿರು. ದೀಪದ್ದು, ಹಾರ್ನಿನದು, ಬ್ಯಾಟರಿಯದು, ಎಲ್ಲ ಒಂದೇ ಹಸಿರು. ಜೀಪಿನ ಮೈಬಣ್ಣಕ್ಕೆ ಹೊಂದಿಸಿ ತಂದವು. ವೈರು ಮಾರುವ ಅಂಗಡಿಯಿಂದಲೂ ಅವರು ತುಂಡನ್ನು ಬಿಸಿಲಿಗೆ ತಂದು ನೋಡಿಯೇ ಕೊಂಡಿರಬೇಕು. ಯಾವುದು ಎಲ್ಲಿಗೆ ಹೋಗುತ್ತದೆಂದು ಹುಡುಕುತ್ತ ಉಸ್ತಾದ್ ಒಂದನ್ನು ಎಳೆದರೆ ಹಾರ್ನ್ ಕೂಗಿತು, ಇನ್ನೊಂದನ್ನು ಎಳೆದರೂ ಹಾರ್ನೇ ಕೂಗಿತು. ಆಕ್ಸಿಲರೇಟರಿನ ಸ್ಪ್ರಿಂಗ್ ಇರಬೇಕಾದ ಕಡೆ ಲಂಗದ ಲಾಡಿ ಇತ್ತು. ಕಾಲಡಿಯ ತಗಡು ತುಕ್ಕು ಹಿಡಿದು ತೂತಾಗಿದ್ದಲ್ಲಿ ಹಿಟ್ಟು ನಾದುವ ಒಂದು ಸ್ಟೀಲಿನ ಪರಾತವನ್ನು ಮಗುಚಿ ಸ್ಕ್ರೂ ಹೊಡೆದಿದ್ದರು. ಯಾರದೋ ಮದುವೆಯಲ್ಲಿ ಯಾರೋ ಕೊಟ್ಟದ್ದೆಂದು ಅದರ ಮೇಲೆ ಕೊರೆದೂ ಇತ್ತು. ಕೈಬ್ರೇಕ್ ಎಳೆದರೆ ಕರ್‍ರ್ ಎಂದು ಧೈರ್ಯ ತುಂಬುವ ಸದ್ದು ಬರುತ್ತಿತ್ತು. ಕೆಳಗೆ ತೂರಿ ನೋಡಿದ ಉಸ್ತಾದ್ ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕಣ್ಣಲ್ಲಿ ನೀರಿತ್ತು. ನಗೆಯೋ ಭಯವೋ ತಿಳಿಯಲಿಲ್ಲ. ಕೈಬ್ರೇಕಿಗೆ ಕೇಬಲ್ಲೇ ಇರಲಿಲ್ಲ. ಹಿಡಿಯೊಂದಿತ್ತು, ಸದ್ದೊಂದಿತ್ತು, ಅಷ್ಟೆ.

ಮೈಯ ತುಕ್ಕು ಕೆರೆದಾಗಲಂತೂ ಬಟ್ಟೆಯೇ ಬಂತು. ಪಾಪ್ಲಿನ್, ಅದರ ಕೆಳಗೆ ರೂಬಿಯಾ, ಅದರ ಕೆಳಗೆ ಅಸ್ತರ್, ಎಲ್ಲಕ್ಕೂ ಅಂಟು, ಅದರ ಮೇಲೆ ಬಣ್ಣ. ಉಸ್ತಾದ್ ಒಂದೊಂದು ಪದರ ಸುಲಿದಾಗಲೂ ಗಲ್ಲಿಯವರನ್ನು ಕೂಗಿ ಕರೆದು ತೋರಿಸುತ್ತಿದ್ದರು.

ಹಿಂದಿನ ಸೀಟಿನ ಅಡಿಯಲ್ಲಿ ಮಾತ್ರ ಅವರಿಗೂ ನಗಲು ಧೈರ್ಯವಾಗದ ವಸ್ತುವೊಂದು ಸಿಕ್ಕಿತು. ಮುಮ್ಮೂಲೆಯ ಗ್ರಾನೈಟ್ ಕಲ್ಲು. ಅದಕ್ಕೆ ಅಳತೆಗೆ ಸರಿಯಾಗಿ ಹೊಲಿದ ದಪ್ಪ ಬಟ್ಟೆಯ ಗವಸು, ಅಂಚಿಗೆ ಪೈಪಿಂಗ್.

“ತುಮಾರಾ ದೇವ್ರು ಹೈ ಕ್ಯಾ ಆಪಾ?” ಎಂದು ಉಸ್ತಾದ್ ಎರಡೂ ಕೈಯಲ್ಲಿ ಹಿಡಿದು ಕೇಳಿದರು. ನನಗೂ ಗೊತ್ತಿರಲಿಲ್ಲ. ಯಾರ ಮನೆದೇವರನ್ನೋ ಎಸೆಯುವುದು ಹೇಗೆ? ಜೀಪು ನಿಲ್ಲಿಸಿದ್ದ ಶೆಡ್ಡಿನ ಗೋಡೆಯ ಕಟ್ಟೆಯ ಮೇಲೆ ಇಡಿಸಿದೆ. ಕೆಲವು ದಿನಗಳಲ್ಲಿ ಅದರ ಮೇಲೆ ಕುಂಕುಮ ಕಂಡಿತು. ನಾನು ಗಂಡನನ್ನು ಸಂಶಯಿಸಿದೆ, ಅವರು ನನ್ನನ್ನು.

ತಿಂಗಳುಗಟ್ಟಲೆ ಕೆಲಸ ನಡೆಯಿತು. ಹೊಸ ಕೊಳವೆ, ಬಣ್ಣಬಣ್ಣದ ಹೊಸ ವೈರು, ಹೊಸ ತಗಡು, ಕೇಬಲ್ ಇರುವ ಕೈಬ್ರೇಕ್. ಬಣ್ಣ ಯಾವುದೆಂದು ಕೇಳಿದಾಗ ಅಕ್ಕನ ಬೂದಿಯನ್ನು ಬದಿಗಿಟ್ಟು ನನ್ನ ಕರಿಬೇವಿನ ಹಸಿರನ್ನೇ ಹೇಳಿದೆ. ಮೊದಲಿದ್ದದ್ದು ಎಳೆ ಬಾಳೆಎಲೆಯ ಹಸಿರು. ತೆಗೆದುಹಾಕಿದ್ದನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿಸಿ ಅಡುಗೆಮನೆಯ ಹಿಂದೆ ಇಟ್ಟೆ. ಗುಜರಿಯವನು ಬಂದು ಚೀಲದಲ್ಲಿ ಕೈಯಾಡಿಸಿ, ಇದನ್ನು ಕಬ್ಬಿಣದ ಲೆಕ್ಕಕ್ಕೆ ಹಿಡಿಯಬೇಕೋ ಚಿಂದಿಯ ಲೆಕ್ಕಕ್ಕೋ ತಿಳಿಯದೆ ಬಿಟ್ಟುಹೋದ.

ದೀಪಾವಳಿಯ ಹಿಂದಿನ ವಾರ ಯಜಮಾನರು ಫೋನ್ ಮಾಡಿದರು.

“ಅಕ್ಕಾರ, ನಮ್ಮ ಅಳಿಯಾರು ಮೊದಲನೇ ದೀಪಾವಳಿಗೆ ಬರಾಕತ್ತಾರ್ರಿ. ಪುಣೇದಾಗ ಗಾಡಿ ಮಾಡೋ ಕಾರ್ಖಾನ್ಯಾಗ ಇಂಜಿನಿಯರ್ ಅದಾರ. ಬ್ರೇಕ್ ಪರೀಕ್ಷಾ ಮಾಡೂದ ಅವರ ಕೆಲಸ.”

“ಭಾಳ ಛಲೋ ಆತ್ರಿ.”

“ಲಗ್ನದಾಗ ಬೀಗರೆಲ್ಲಾ ಕುಂತಾಗ ನಾ ಅಂದೆ, ನಾನೂ ಅರ್ಧ ಇಂಜಿನಿಯರ್ ಅದೀನಿ, ಒಂದು ಜೀಪು ಪೂರಾ ನಾನ ಮಾಡೀನಿ ಅಂತ. ಎಲ್ಲಾರೂ ನಕ್ಕರ್ರಿ. ಬಟ್ಟಿ ಹರಿಯಾಂವ ಜೀಪು ಮಾಡ್ಯಾನಂತ, ಅಂದ್ರು. ಅಳಿಯಾರ ಒಬ್ಬರು ನಗಲಿಲ್ಲ. ‘ತೋರಸ್ರಿ ಮಾವಾರ, ನೋಡೋಣು’ ಅಂದ್ರು. ಅದಕ್ಕ ಹಬ್ಬದ ಮರುದಿನ ಕರಕೊಂಡು ಬರ್ತೀನ್ರಿ. ನಾ ಮಾಡಿದ ಕೆಲಸ ಹಂಗ ಐತಲ್ರಿ?”

“ಹಂಗ ಐತ್ರಿ” ಎಂದೆ.

ಹೇಳುವಾಗ ನನ್ನ ಎದುರಿಗೇ ಗೋಣಿಚೀಲವಿತ್ತು. ಅದರ ಬಾಯಿಂದ ಲಂಗದ ಲಾಡಿ ಜೋತಾಡುತ್ತಿತ್ತು.

ನಿಜ ಹೇಳಬಹುದಿತ್ತು ಎಂದು ಗಂಡ ಅಂದರು. ಹೇಗೆ ಹೇಳುವುದು? ಬೀಗರೆಲ್ಲ ನಕ್ಕಾಗ ನಗದೆ ಉಳಿದವನು ಅವನೊಬ್ಬ. ಮಾವನ ಜೀಪು ಮೆಕ್ಯಾನಿಕ್ಕಿನ ಕೈಯಲ್ಲಿ ಹೊಸದಾಗಿದ್ದು ಕಂಡರೆ ಅವನೂ ನಕ್ಕಾನು, ಮೊದಲ ದೀಪಾವಳಿಗೇ. ಆ ಮನುಷ್ಯ ಆಮೇಲೆ ಅಳಿಯನ ಎದುರು ಹೇಗೆ ಕೂತು ಊಟ ಮಾಡಬೇಕು?

ಹೀಗಾಗಿ, ತಿಂಗಳುಗಟ್ಟಲೆ ಕಿತ್ತುಹಾಕಿದ್ದನ್ನು ಒಂದು ದಿನದ ಮಟ್ಟಿಗೆ ಮರಳಿ ಕೂರಿಸುವುದೆಂದು ತೀರ್ಮಾನವಾಯಿತು. ಉಸ್ತಾದ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

“ಮೈ ಬನಾನೇವಾಲಾ ಆದ್ಮಿ ಆಪಾ. ಬಿಗಾಡ್ನಾ ಮೇರೇಕು ನೈ ಆತಾ.”

ಏನೂ ಕೆಡಿಸುವುದು ಬೇಡ, ಮೇಲೆ ಮೇಲೆ ಹಚ್ಚಿದರೆ ಸಾಕು, ನಿಜಕ್ಕೂ ಯಾವುದನ್ನೂ ಜೋಡಿಸುವುದಲ್ಲ ಎಂದು ಬೇಡಿಕೊಂಡ ಮೇಲೆ ಒಪ್ಪಿದರು. ಆಗ ಹೊಸ ತೊಂದರೆ. ಯಾವುದು ಎಲ್ಲಿತ್ತು? ಬಿಚ್ಚುವ ಮೊದಲು ಫೋಟೋ ತೆಗೆಯಬೇಕೆಂದು ನಮಗೆ ಹೊಳೆದಿರಲೇ ಇಲ್ಲ. ದಿನಚರಿ ತಿರುವಿದರೆ, ‘ಇಂದೂ ಹುಚ್ಚಾಟ ಸಿಕ್ಕಿತು, ಬಹಳ ನಕ್ಕೆವು’ ಎಂದಷ್ಟೇ ಇತ್ತು. ಲಾಡಿ ಎಡಕ್ಕಿತ್ತೆಂದು ನಾನು, ಬಲಕ್ಕಿತ್ತೆಂದು ಉಸ್ತಾದ್. ಜೀಪಿನ ವಿಷಯಕ್ಕೇ ಬರದ ನನ್ನ ಗಂಡ ಕಾರ್ಖಾನೆಗೆ ರಜೆ ಹಾಕಿ ಬಂದು, ಅದು ನಡುವೆ ಇತ್ತೆಂದು ಆಣೆ ಮಾಡಿದರು. ಹಸಿರು ವೈರುಗಳನ್ನು ಹೊಸ ವೈರುಗಳ ಮೇಲೆ ಹೂವಿನ ಸರದ ಹಾಗೆ ಇಳಿಬಿಟ್ಟೆವು. ಪರಾತವನ್ನು ಹೊಸ ತಗಡಿನ ಮೇಲೆ ಬೋರಲು ಹಾಕಿದೆವು. ಫಾಲ್ ಮಾತ್ರ ಉಸ್ತಾದರ ಕೈಗೆ ಬಗ್ಗಲಿಲ್ಲ. ಸ್ವಂತ ಸೀರೆಗೇ ಫಾಲ್ ಹಚ್ಚಲು ಹೊರಗೆ ಕೊಡುವವಳು ನಾನು. ಇಂಜಿನ್ನಿನ ಮೇಲೆ ಬಗ್ಗಿ, ಸೂಜಿ ಹಿಡಿದು, ಹೊಚ್ಚಹೊಸ ರಬ್ಬರ್ ಕೊಳವೆಗೆ ಫಾಲ್ ಹಚ್ಚಿದೆ.

ಹಬ್ಬದ ಮರುದಿನ ಯಜಮಾನರು ಹೆಂಡತಿಯನ್ನೂ ಅಳಿಯನನ್ನೂ ಕರೆದುಕೊಂಡು ಬಂದರು. ಅಳಿಯ ಸೊಲ್ಲಾಪುರದ ಕಡೆಯ ಹುಡುಗ, ಮಾತು ಕಡಿಮೆ. ಶೆಡ್ಡಿಗೆ ಕಾಲಿಟ್ಟೊಡನೆ ಯಜಮಾನರ ಮುಖ ಅರಳಿತು.

“ನೋಡ್ರಿ ಅಳಿಯಾರ, ಎಷ್ಟ ವರ್ಷದ್ದು! ನಾ ಹಚ್ಚಿದ ಬಣ್ಣ ಒಂದ ಚೂರು ಹೋಗಿಲ್ಲ.”

ಉಸ್ತಾದ್ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಬಣ್ಣದಲ್ಲೇ ಬದುಕು ಕಳೆದವರು ಎಳೆ ಬಾಳೆಎಲೆಯನ್ನೂ ಕರಿಬೇವನ್ನೂ ಒಂದೇ ಎನ್ನುತ್ತಿದ್ದರು! ಆದರೆ ನೆನಪಿನ ಮೇಲೆ ಬಟ್ಟೆ ಕೊಡುವುದಿಲ್ಲ ಎಂದವರೂ ಅವರೇ. ಅವರ ಹಳೆಯ ಹಸಿರನ್ನು ಪಕ್ಕದಲ್ಲಿ ಹಿಡಿದು ತೋರಿಸಲು ಈಗ ಯಾರ ಹತ್ತಿರ ಏನಿತ್ತು?

ಇತ್ತು. ಬಾನೆಟ್ಟಿನ ಕೆಳಗೆ ನಾವೇ ಹೊಲಿದು ಇಟ್ಟಿದ್ದೆವು.

ಅವರು ಬಾನೆಟ್ ಎತ್ತಿದರು. ಕನ್ನಡಕ ಹಾಕಿಕೊಂಡರು. ಫಾಲನ್ನು ಮುಟ್ಟಿ, ನನ್ನ ಹೊಲಿಗೆಯನ್ನು ಉಗುರಿನಿಂದ ಎಬ್ಬಿಸಿ, ದಾರ ಹಿರಿದು, ಪೂರ್ತಿ ಬಿಚ್ಚಿಕೊಂಡು ಶೆಡ್ಡಿನಿಂದ ಹೊರಗೆ ನಡೆದರು.

“ಜೀಪು ಮುಂದ ತಗೀರಿ. ಬಿಸಲಿಗೆ.”

ನಾವೆಲ್ಲ ಸೇರಿ ಜೀಪನ್ನು ಬಿಸಿಲಿಗೆ ತಳ್ಳಿದೆವು. ಅವರು ಫಾಲನ್ನು ಮಡ್‌ಗಾರ್ಡಿನ ಪಕ್ಕ ಹಿಡಿದು, ತಲೆ ಓರೆ ಮಾಡಿ ನೋಡಿದರು.

“ಅಕ್ಕಾರ, ಈ ಶೇಡ್ ನೋಡ್ರಿ, ಗಾಡಿ ಶೇಡ್ ನೋಡ್ರಿ. ಎಲ್ಲ್ಯಾರ ಕೂಡ್ತೈತೇನು? ಇದು ಎಳೆ ಹಸರು, ಅದು ಕಪ್ಪ ಹಸರು. ನಾ ಮಾಡಿದ್ರ ಹಿಂಗ ಮಾಡ್ತಿದ್ನೇನ್ರಿ?”

ಅವರು ಒಂದು ಹಸಿರು ವೈರು ಎಳೆದು ಅದನ್ನೂ ಹಿಡಿದು ನೋಡಿದರು. ಅದೂ ಹೊಂದಲಿಲ್ಲ. ಆಗ ಉಸ್ತಾದರ ಕಡೆ ತಿರುಗಿದರು.

“ಕ್ಯಾ ಉಸ್ತಾದ್, ಇಂಜಿನ್‌ಕೂ ಸಾಡೀ ಕಾ ಫಾಲ್ ಲಗಾತೇ? ಶರಮ್ ನೈ ಆತೀ?”

ಉಸ್ತಾದರ ಮೀಸೆ ಅದುರಿತು. ಇಡೀ ಗಲ್ಲಿಯನ್ನು ಕರೆದು ಈ ಫಾಲನ್ನು ತೋರಿಸಿ ನಗಿಸಿದ್ದ ಮನುಷ್ಯ. ಅವರು ನನ್ನನ್ನು ನೋಡಿದರು, ಅಳಿಯನನ್ನು ನೋಡಿದರು, ಕೊನೆಗೆ ತಮ್ಮ ಚಪ್ಪಲಿ ನೋಡಿಕೊಂಡರು.

“ಗಲ್ತಿ ಹೋಗಯೀ ಸಾಬ್.”

ಆಮೇಲೆ ಯಜಮಾನರನ್ನು ತಡೆಯುವವರಿರಲಿಲ್ಲ. ನಾವು ಕಷ್ಟಪಟ್ಟು ಹಚ್ಚಿದ್ದನ್ನೆಲ್ಲ ಒಂದೊಂದಾಗಿ ಕಿತ್ತು, ಇಂಥದ್ದನ್ನು ಮಾಡಬಾರದೆಂದು ಅಳಿಯನಿಗೆ ಪಾಠ ಹೇಳಿದರು. ಲಾಡಿ ನೋಡಿ, “ಲಂಗದ್ದೋ ಏನೋ, ಥೂ” ಎಂದರು. ಕೆಳಗೆ ಉಸ್ತಾದರ ಕೆಲಸ ಕಂಡಾಗಲೆಲ್ಲ ಹಿಗ್ಗಿದರು: “ಹಾಂ, ಇದು ನೋಡ್ರಿ ನಂದು. ಕೈ ಗುರ್ತು ಸಿಗ್ತೈತಿ.” ಅಳಿಯ ಬಗ್ಗಿ ಬಗ್ಗಿ ನೋಡಿ, “ಭಾಳ ಸ್ವಚ್ಛ ಕೆಲಸ ಮಾವಾರ” ಎಂದ.

ಅವರ ಹೆಂಡತಿ ನೆಲಕ್ಕೆ ಬಿದ್ದ ಫಾಲನ್ನು ಎತ್ತಿಕೊಂಡು ಧೂಳು ಝಾಡಿಸಿ ಸುರುಳಿ ಸುತ್ತಿದರು. ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಅಂದರು: “ನನ್ನ ಹಸರ ಸೀರೀದು, ತಂಗಿ. ನನ್ನ ಕೇಳದ ಬಿಚ್ಚಿದ್ರು. ಆ ಸೀರಿ ಮತ್ತ ಉಡಾಕ ಬರಲಿಲ್ಲ.”

ಅಷ್ಟರಲ್ಲಿ ಅವರ ಕಣ್ಣು ಗೋಡೆಯ ಕಟ್ಟೆಯ ಕಡೆ ಹೋಯಿತು.

“ಅಯ್ಯ, ನನ್ನ ಕಲ್ಲು! ಇದಕ್ಕ ಕುಂಕುಮ ಯಾರ ಹಚ್ಚಿದ್ರು?”

ನಾನು ಬಾಯಿ ತೆರೆಯುವ ಮೊದಲೇ ಅದನ್ನು ಸೆರಗಿನಡಿ ಸೇರಿಸಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟಿದ್ದರು. ಒಂದು ಸುತ್ತು ಹೋಗಿ ಬರುವುದೆಂದು ಯಜಮಾನರು ಹೊರಟಿದ್ದರು. ಅಳಿಯ ಸ್ಟೀರಿಂಗ್ ಹಿಡಿದ, ಮಾವ ಅವನ ಪಕ್ಕ, ನಾನೂ ಗಂಡನೂ ಅವರ ಹೆಂಡತಿಯ ಜೊತೆ ಹಿಂದೆ. ಉಸ್ತಾದ್ ಬರಲಿಲ್ಲ. ಶೆಡ್ಡಿನಲ್ಲಿ ಪರಾತದ ಮೇಲೆ ಕೂತಿದ್ದರು.

ನಮ್ಮ ಕಾಲೋನಿಯ ನೀರಿನ ಟ್ಯಾಂಕಿನ ಕಡೆ ಕಡಿದಾದ ಏರು ಇದೆ. ಅದರ ನಡುವೆ ಯಜಮಾನರು ಕೈಯೆತ್ತಿದರು. “ಇಲ್ಲೇ ನಿಲ್ಲಸ್ರಿ. ಕೈಬ್ರೇಕ್ ಎಳೀರಿ. ಎಳದು ಕಾಲು ತಗದ ಬಿಡ್ರಿ.”

ಅಳಿಯ ಎಳೆದ. ಕರ್‍ರ್. ಜೀಪು ಗೋಡೆಯ ಹಾಗೆ ನಿಂತಿತು.

ಅದಕ್ಕೂ ಮೊದಲೇ, ಗಾಡಿ ಇನ್ನೂ ಪೂರ್ತಿ ನಿಲ್ಲುವ ಮುಂಚೆಯೇ, ಆ ಹೆಂಗಸು ಹಿಂದಿನಿಂದ ಇಳಿದು ಚಕ್ರದ ಬುಡಕ್ಕೆ ಕಲ್ಲು ಇಟ್ಟು, ಸೆರಗು ಸರಿಮಾಡಿಕೊಂಡು ನಿಂತಿದ್ದರು. ಸದ್ದೇ ಆಗಲಿಲ್ಲ. ಗವಸು ಯಾಕೆಂದು ಆಗ ತಿಳಿಯಿತು. ನಾನೂ ಇಳಿದು ಅವರ ಹತ್ತಿರ ಹೋದೆ.

“ಇವರಿಗೆ ಗೊತ್ತಿಲ್ಲೇನ್ರಿ ಅಕ್ಕ?” ಎಂದು ಪಿಸುಗುಟ್ಟಿದೆ.

“ಹಿಂದ ಹೊಳ್ಳಿ ನೋಡಿದವರ ಅಲ್ಲ. ನೋಡು ನೋಡು, ಹೆಂಗ ಹಿಡದೈತಿ ಅಂತ ಮುಂದ ಕುಂತು ಹೇಳವರು. ನಾ ಇಲ್ಲಿ ಕಲ್ಲು ಹಿಡಕೊಂಡು ಹೂಂ ಅನ್ನಾಕಿ.”

“ಈಗ ಬ್ರೇಕ್ ಖರೇನ ಹಿಡೀತೈತ್ರಿ. ಕಲ್ಲು ಬ್ಯಾಡ.”

“ಇರಲಿ ಬಿಡು” ಎಂದರು, ನಾನು ಸಮಾಧಾನಕ್ಕೆ ಹೇಳಿದೆನೆಂಬಂತೆ.

ಮುಂದಿನಿಂದ ಯಜಮಾನರ ದನಿ ಕೇಳುತ್ತಿತ್ತು, ಬ್ರೇಕು ಎಷ್ಟು ಹಳೆಯದು, ಎಷ್ಟು ಗಟ್ಟಿ ಎಂದು. ಅಳಿಯ ಹೂಂ ಅನ್ನುತ್ತಿದ್ದ. ಆದರೆ ಅವನ ಕಣ್ಣು ಪಕ್ಕದ ಕನ್ನಡಿಯಲ್ಲಿತ್ತು. ಕನ್ನಡಿಯಲ್ಲಿ ಅತ್ತೆಯಿದ್ದರು.

ಮರಳುವಾಗ ಅದೇ ಏರನ್ನು ಇಳಿಯುತ್ತ, ಪಾನ್ ಡಬ್ಬಿ ಅಂಗಡಿಯ ಎದುರು ಯಜಮಾನರು ಮತ್ತೆ ನಿಲ್ಲಿಸಲು ಹೇಳಿದರು. ಅಳಿಯ ಕೈಬ್ರೇಕ್ ಎಳೆದ. ಬ್ರೇಕ್ ನಿಜವಾಗಿಯೇ ಹಿಡಿದದ್ದು, ಕಲ್ಲು ಬೇಕಿಲ್ಲದ್ದು ಅವನ ಕೈಗೇ ಗೊತ್ತಾಗಿರಬೇಕು. ಅದು ಅವನ ಕೆಲಸ. “ನೀವು ಕುಂದರ್ರಿ, ಪಾನ್ ನಾ ತರ್ತೀನಿ” ಎಂದು ಇಳಿದು, ಡಬ್ಬಿಗೆ ಹೋಗುವ ಬದಲು ಹಿಂದಕ್ಕೆ ಬಂದ. ಒಂದು ಕಾಲು ಆಗಲೇ ಕೆಳಗೆ ಚಾಚಿದ್ದ ಅತ್ತೆಯ ಕೈಯಿಂದ ಕಲ್ಲನ್ನು ತೆಗೆದುಕೊಂಡ. ಬಗ್ಗಿ, ಹಿಂದಿನ ಚಕ್ರದ ಮುಂಬದಿಗೆ, ಇಳಿಜಾರು ಯಾವ ಕಡೆಯೆಂದು ನೋಡಿ, ಒತ್ತಿ ಇಟ್ಟ. ಆಮೇಲೆ ಪಾನ್ ತರಲು ಹೋದ.

ಅವನು ಬೇಕೆಂದೇ ಇಟ್ಟನೆಂಬುದನ್ನು ನನ್ನ ಗಂಡ ಒಪ್ಪುವುದಿಲ್ಲ. ವಯಸ್ಸಾದವರ ಕೈಯಲ್ಲಿ ಭಾರ ಕಂಡು ಹುಡುಗ ಇಸಿದುಕೊಂಡ, ಹಿಡಿದು ನಿಲ್ಲಲಾಗದೆ ಕೆಳಗಿಟ್ಟ, ಚಕ್ರ ಅಲ್ಲಿತ್ತು, ಅಷ್ಟೆ ಎನ್ನುತ್ತಾರೆ. ನಾವಿಬ್ಬರೂ ಒಂದೇ ಸೀಟಿನಲ್ಲಿದ್ದೆವು. ನಾನು ನೋಡಬೇಕೆಂದುಕೊಂಡದ್ದನ್ನೇ ನೋಡಿರಲೂಬಹುದು. ಆ ಸಂಜೆಯ ದಿನಚರಿಯಲ್ಲಿ ‘ಒತ್ತಿ ಇಟ್ಟ’ ಎಂದು ಬರೆದಿದ್ದೇನೆ, ಆದರೆ ಬರೆದವಳೂ ನಾನೇ.

ಪಾನ್ ತಂದುಕೊಟ್ಟ ಮೇಲಿನ ಮಾತಿನ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ತಕರಾರಿಲ್ಲ. ಅಳಿಯ ಕಿಟಕಿಯ ಹತ್ತಿರ ಬಗ್ಗಿ, ಹಿಂದಿನವರಿಗೂ ಕೇಳುವಷ್ಟು ಜೋರಾಗಿ ಹೇಳಿದ:

“ಬ್ರೇಕ್ ಭಾರೀ ಹಿಡದೈತ್ರಿ ಮಾವಾರ.”

“ಮತ್ತ!” ಎಂದರು ಯಜಮಾನರು ಪಾನ್ ತುಂಬಿದ ಬಾಯಲ್ಲಿ, ಹಿಂದೆ ತಿರುಗದೆ. “ಮಾಡಿದವರು ಯಾರು?”